ಕಾಂಡೋಮ್ ಆರಿಸುವುದು ಹೇಗೆ? ಗಂಡ ಹೆಂಡತಿ ಕೂತು ಹುಡುಕಿದ್ದು

ಈ ಬರಹದಲ್ಲಿ 'ನಾವು' ಅಂದರೆ ಗಂಡ ಹೆಂಡತಿ ಇಬ್ಬರೂ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ, ನಡುವೆ ಎರಡು ಸಲ ಜಗಳವಾಡಿ, ಮತ್ತೆ ಬರೆದಿದ್ದೇವೆ. ಇಬ್ಬರೂ ಪತ್ರಿಕೋದ್ಯಮ ಓದಿದವರು, ಓದು ಮುಗಿಸಿ ಶಿರಾ ಕಡೆಯ ನಮ್ಮ ಊರಿಗೇ ವಾಪಸ್ ಬಂದವರು. ಶೇಂಗಾ ಬೆಲೆ, ಬೋರ್‌ವೆಲ್, ನರೇಗಾ ಕೂಲಿ ಅಂತ ಇಲ್ಲಿ ಬರೆದಾಗಲೆಲ್ಲ ನೀವು ಅದನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸಿದ್ದೀರಿ. ಇದನ್ನು ಊರಿನ ಗ್ರೂಪಿಗೆ ಹಾಕುವುದು ಕಷ್ಟ ಅಂತ ನಮಗೂ ಗೊತ್ತು. ಒಬ್ಬರೇ ಕೂತು ಓದಿ, ಆಮೇಲೆ ಮನೆಯಲ್ಲಿ ಇನ್ನೊಬ್ಬರಿಗೆ ಫೋನ್ ಕೊಟ್ಟರೂ ಸಾಕು.

ನಮ್ಮ ಮಗಳಿಗೆ ಈಗ ಹನ್ನೊಂದು ತಿಂಗಳು. ಒಂಬತ್ತನೇ ತಿಂಗಳ ದಡಾರ ಲಸಿಕೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಅಲ್ಲಿ ತಾಯಿಯ ರಕ್ತವನ್ನೂ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 8.5 ಇತ್ತು. ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ಹೆರಿಗೆ ಆದಮೇಲೆ ಎರಡು ವರ್ಷವಾದ್ರೂ ಇನ್ನೊಂದು ನಿಲ್ಲಬಾರದು ಕಣಮ್ಮ, ಮೈಯಲ್ಲಿ ರಕ್ತ ಇಲ್ಲ. ಏನು ಮಾಡ್ತಿದ್ದೀರಿ?" ಅಂತ ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡರೆ ಕೆಲವರಿಗೆ ಮುಟ್ಟಿನ ರಕ್ತಸ್ರಾವ ಜಾಸ್ತಿಯಾಗುತ್ತದೆ, ರಕ್ತ ಕಡಿಮೆ ಇರುವಾಗ ಅದು ಯೋಚಿಸಬೇಕಾದ ಮಾತು. ಮೂರು ತಿಂಗಳಿಗೊಮ್ಮೆ ಹಾಕುವ 'ಅಂತರಾ' ಇಂಜೆಕ್ಷನ್ ಇದೆ, 'ಛಾಯಾ' ಮಾತ್ರೆ ಇದೆ. ಇದೆಲ್ಲ ಒಳ್ಳೆಯದೇ, ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ಬಸ್ಸಿನಲ್ಲಿ ಬರುವಾಗ ನಮಗೆ ಒಂದು ವಿಷಯ ಹೊಳೆಯಿತು. ಈ ಪಟ್ಟಿಯಲ್ಲಿ ಇರುವುದೆಲ್ಲ ಹೆಂಡತಿಯ ಮೈಗೆ ಹೋಗುವಂಥದ್ದು. ಒಂಬತ್ತು ತಿಂಗಳು ಹೊತ್ತು, ಹೆತ್ತು, ಹಾಲೂಡಿಸುತ್ತಾ ರಕ್ತ ಕಳೆದುಕೊಂಡಿರುವುದೂ ಅದೇ ಮೈ. ಗಂಡನ ಪಾಲಿಗೆ ಉಳಿದದ್ದು ಎರಡೇ. ಒಂದು ಗಂಡಸರ ಆಪರೇಷನ್, ಇನ್ನೊಂದು ಮಗು ಬೇಕು ಅನ್ನುವವರಿಗೆ ಅದು ಈಗಲೇ ಆಗದು. ಇನ್ನೊಂದು ಕಾಂಡೋಮ್.

ಮನೆಯಲ್ಲಿ ಅಮ್ಮನ ಲೆಕ್ಕ ಬೇರೆಯೇ ಇತ್ತು. "ಬೇಗ ಇನ್ನೊಂದು ಆಗಿಬಿಡ್ಲಿ, ಆಮೇಲೆ ಆಪರೇಷನ್ ಮಾಡಿಸಿದ್ರೆ ಮುಗೀತು." ಅಮ್ಮನನ್ನು ಬೈದು ಪ್ರಯೋಜನವಿಲ್ಲ. ಅವರ ಕಾಲದಲ್ಲಿ ಕುಟುಂಬ ಯೋಜನೆ ಅಂದರೆ ಆಪರೇಷನ್ನೇ. ಈಗಲೂ ಹೆಚ್ಚೇನೂ ಬದಲಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 37.9ರಷ್ಟು ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಶೇ. 0.3. ಕಾಂಡೋಮ್ ಬಳಸುವ ದಂಪತಿಗಳು ಶೇ. 9.5. ನಮ್ಮ ಕರ್ನಾಟಕದಲ್ಲಿ ಹೆಂಗಸರ ಆಪರೇಷನ್ ಶೇ. 57ರ ಆಸುಪಾಸು. ನಮ್ಮ ಮನೆಯ ದೊಡ್ಡ ಅಕ್ಕನೂ ಆ ಲೆಕ್ಕದಲ್ಲಿದ್ದಾಳೆ. ಇಪ್ಪತ್ತೆರಡಕ್ಕೆ ಎರಡು ಮಕ್ಕಳು, ಇಪ್ಪತ್ತಮೂರಕ್ಕೆ ಆಪರೇಷನ್. ಭಾವನಿಗೆ ಯಾರೂ ಏನೂ ಕೇಳಲಿಲ್ಲ.

ಇಷ್ಟು ಮಾತಾಡಿಕೊಂಡು, ಸರಿ, ಕಾಂಡೋಮೇ ಆಗಲಿ ಅಂತ ತೀರ್ಮಾನಿಸಿದೆವು. ಯಾವುದು ಅಂತ ಗೊತ್ತಿರಲಿಲ್ಲ.

ಹೋಬಳಿಯ ಮೆಡಿಕಲ್ ಶಾಪು ನಿಮ್ಮ ಊರಿನದಕ್ಕಿಂತ ಬೇರೆ ಇರಲಿಕ್ಕಿಲ್ಲ. ಅಂಗಡಿಯವರು ಅಪ್ಪನಿಗೆ ಪರಿಚಯ, ಪಕ್ಕದಲ್ಲಿ ಟೀ ಅಂಗಡಿ, ಮುಂದೆ ಬಸ್ ಸ್ಟಾಪು. ಗಂಡ ಹೋಗಿ ನಿಂತರೆ, "ಏನಪ್ಪಾ, ಮಗೂಗೆ ಹುಷಾರಿಲ್ವಾ?" ಅನ್ನುತ್ತಾರೆ. ಅವರು ಕೇಳುವುದು ಪ್ರೀತಿಯಿಂದಲೇ. ಆದರೆ ಆ ಪ್ರಶ್ನೆ ಬಂದ ಮೇಲೆ ಬಾಯಿಂದ ಹೊರಡುವುದು "ಒಂದು ಓಆರ್‌ಎಸ್ ಕೊಡಿ" ಅಂತಲೇ. ನಮ್ಮ ಮನೆಯಲ್ಲಿ ಈಗ ಓಆರ್‌ಎಸ್ ಪ್ಯಾಕೆಟ್ಟಿಗೆ ಕೊರತೆಯಿಲ್ಲ.

ಕೊನೆಗೆ ಶಿರಾಕ್ಕೆ ಹೋದೆವು, ಇಬ್ಬರೂ ಒಟ್ಟಿಗೆ. ಅಲ್ಲಿ ಯಾರೂ ನಮ್ಮನ್ನು ನೋಡಲಿಲ್ಲ. ಆದರೆ ಅಂಗಡಿಯ ಹುಡುಗ, "ಯಾವುದು ಕೊಡ್ಲಿ ಅಣ್ಣಾ?" ಅಂದ. ಗಾಜಿನ ಕಪಾಟಿನಲ್ಲಿ ಹತ್ತು ಹನ್ನೆರಡು ಬಗೆ. ಸ್ಟ್ರಾಬೆರಿ, ಚಾಕೊಲೇಟು, ಡಾಟೆಡ್, ರಿಬ್ಡ್, ಅಲ್ಟ್ರಾ ಥಿನ್, ಎಕ್ಸ್‌ಟ್ರಾ ಟೈಮ್. ಎಲ್ಲ ಡಬ್ಬಿಯ ಮೇಲೂ ಅರೆಬಟ್ಟೆಯ ಹುಡುಗಿಯರು. ಸೀರೆ ಅಂಗಡಿಯಲ್ಲಿ ಒಂದು ಗಂಟೆ ಕೂತು ಆರಿಸುವ ನಾವು, ಇಲ್ಲಿ ಅರ್ಧ ನಿಮಿಷದಲ್ಲಿ "ಯಾವುದಾದ್ರೂ ಕೊಡಪ್ಪ" ಅನ್ನಬೇಕು. ಅವನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕಳ್ಳಮಾಲಿನ ಹಾಗೆ ಕೊಟ್ಟ.

ಹಾಗೆ ತಂದ ಮೂರು ಬಗೆಯ ಡಬ್ಬಿಗಳನ್ನು ಮಗು ಮಲಗಿದ ಮೇಲೆ ಚಾಪೆಯ ಮೇಲೆ ಇಟ್ಟುಕೊಂಡು ಓದತೊಡಗಿದೆವು. ಸಣ್ಣ ಅಕ್ಷರದಲ್ಲಿ ಬರೆದದ್ದೇ ಮುಖ್ಯವಾದದ್ದು ಅಂತ ಓದಿದ ಮೇಲೆ ಅನ್ನಿಸಿತು.

ಮೊದಲನೆಯದು ಅಳತೆ. ನಮ್ಮ ಗಂಡಸರು "ಅದು ಸರಿ ಬರಲ್ಲ" ಅಂತ ಹೇಳುವುದರ ಹಿಂದೆ ಅರ್ಧ ಸೋಮಾರಿತನ ಇದ್ದರೂ, ಇನ್ನರ್ಧ ನಿಜವೇ ಇರಬಹುದು. ಎಲ್ಲ ಕಾಂಡೋಮೂ ಒಂದೇ ಅಳತೆ ಅಲ್ಲ. ಡಬ್ಬಿಯ ಹಿಂದೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ ಹಾಕಿರುತ್ತಾರೆ: 49, 52, 53 ಹೀಗೆ. ಚಪ್ಪಟೆಯಾಗಿ ಇಟ್ಟಾಗ ಇರುವ ಅಗಲ ಅದು. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 52, 53ರವು. ಕೆಲವರಿಗೆ ಇದು ಸಡಿಲ, ಮಧ್ಯದಲ್ಲೇ ಜಾರುತ್ತದೆ. ಕೆಲವರಿಗೆ ಬಿಗಿ, ಬುಡದಲ್ಲಿ ದಾರ ಕಟ್ಟಿದ ಹಾಗೆ ಆಗುತ್ತದೆ.

ಅಳೆಯುವುದು ಸುಲಭ. ನೆಟ್ಟಗಾದಾಗ ಶಿಶ್ನದ ನಡುಭಾಗಕ್ಕೆ ಒಂದು ದಾರ ಸುತ್ತಿ, ಆ ದಾರವನ್ನು ಮಕ್ಕಳ ಸ್ಕೇಲಿಗೆ ಹಿಡಿದರೆ ಆಯಿತು. ಸುತ್ತಳತೆ 11 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ 49ರದ್ದು ನೋಡಿ. 11ರಿಂದ 12ರ ಒಳಗಿದ್ದರೆ 52 ಅಥವಾ 53. ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಅಗಲದ್ದು. ಇದು ಅಂದಾಜಿನ ಲೆಕ್ಕ, ಹಾಕಿ ನೋಡಿದ ಮೇಲೆಯೇ ಪೂರ್ತಿ ತಿಳಿಯುವುದು. ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಉಳಿದದ್ದು ಬುಡದಲ್ಲಿ ಸುತ್ತಿಕೊಂಡೇ ಇರುತ್ತದೆ.

ಅಳತೆ ಚಿಕ್ಕದಾಯಿತು ಅಂತ ಮುಖ ಸಣ್ಣ ಮಾಡಿಕೊಳ್ಳುವವರಿಗೆ ಒಂದು ಸುದ್ದಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸುಮಾರು 1,200 ಗಂಡಸರ ಅಳತೆ ತೆಗೆಸಿತ್ತು. ಅದು 2006ರಲ್ಲಿ ಸುದ್ದಿಯಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅಂತರರಾಷ್ಟ್ರೀಯ ಅಳತೆಯ ಕಾಂಡೋಮ್ ದೊಡ್ಡದಾಗುತ್ತಿತ್ತು. ಹಾಗಾಗಿ 49ರ ಡಬ್ಬಿ ಕೇಳುವುದರಲ್ಲಿ ಅವಮಾನ ಏನೂ ಇಲ್ಲ. ಎಂಟನೇ ನಂಬರ್ ಚಪ್ಪಲಿ ಕಾಲಿಗೆ ಸರಿಹೋಗುವವನು ಹತ್ತನೇ ನಂಬರ್ ಹಾಕಿಕೊಂಡು ತೋಟಕ್ಕೆ ಹೋಗುತ್ತಾನಾ?

ಇನ್ನು "ತೆಳುವಾದದ್ದು ಹರಿದುಹೋಗುತ್ತೆ" ಅನ್ನುವ ಮಾತು. ಕಾರ್ಖಾನೆಯಲ್ಲಿ ಪ್ರತಿಯೊಂದು ಕಾಂಡೋಮನ್ನೂ ಕರೆಂಟಿನ ಮೇಲೆ ಹಾಯಿಸಿ ತೂತು ಇದೆಯೇ ಅಂತ ನೋಡುತ್ತಾರೆ. ಪ್ರತಿ ಕಂತಿನಿಂದ ಕೆಲವನ್ನು ತೆಗೆದು 300 ಮಿಲಿಲೀಟರ್ ನೀರು ತುಂಬಿ ಸೋರುತ್ತದೆಯೇ ಅಂತ ಪರೀಕ್ಷಿಸುತ್ತಾರೆ. ಇನ್ನು ಕೆಲವಕ್ಕೆ ಗಾಳಿ ತುಂಬುತ್ತಾರೆ. 53ರ ಅಗಲದ್ದು ಕನಿಷ್ಠ 18 ಲೀಟರ್ ಗಾಳಿ ತಡೆಯಬೇಕು. ಫಿಲ್ಟರ್ ನೀರಿನ 20 ಲೀಟರ್ ಕ್ಯಾನು ಕಣ್ಣ ಮುಂದೆ ತಂದುಕೊಳ್ಳಿ, ಹೆಚ್ಚುಕಡಿಮೆ ಅಷ್ಟು. ತೆಳುವಾದದ್ದಕ್ಕೂ ಪರೀಕ್ಷೆ ಇದೇ. "ನನಗೆ ಬಿಗಿಯಾಗುತ್ತೆ" ಅನ್ನುವವನಿಗೆ ಆಗುವ ಕಿರಿಕಿರಿ ನಿಜ ಇರಬಹುದು, ಅಗಲದ್ದು ತರಲಿ. ಆದರೆ ಹಾಕಲಿಕ್ಕೇ ಬರುವುದಿಲ್ಲ ಅಂದರೆ ನಂಬಬೇಡಿ.

ಹರಿಯುವುದಕ್ಕೆ ನಿಜವಾದ ಕಾರಣಗಳು ನಮ್ಮ ಮನೆಗಳಲ್ಲೇ ಇವೆ. ದೊಡ್ಡದು ಎಣ್ಣೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ತುಪ್ಪ, ವ್ಯಾಸಲೀನು, ಮಗುವಿಗೆ ಹಚ್ಚುವ ಬೇಬಿ ಆಯಿಲ್, ಯಾವುದೂ ಕೂಡದು. ಕಾಂಡೋಮಿನ ರಬ್ಬರ್ ಎಣ್ಣೆ ತಾಗಿದ ಕೆಲವೇ ನಿಮಿಷದಲ್ಲಿ ಬಲ ಕಳೆದುಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಳ್ಳಿಯಲ್ಲಿ ಕೊಬ್ಬರಿ ಎಣ್ಣೆ ಕೈಗೆ ಸಿಗುವಷ್ಟು ಸುಲಭವಾಗಿ ಇನ್ನೇನೂ ಸಿಗುವುದಿಲ್ಲವಲ್ಲ, ಅದಕ್ಕೇ ಈ ಮಾತು ಒತ್ತಿ ಹೇಳುತ್ತಿದ್ದೇವೆ. ಇನ್ನೊಂದು ಬಿಸಿಲು. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ, ಶೀಟಿನ ಮನೆಯ ಅಟ್ಟದಲ್ಲಿ ಇಟ್ಟದ್ದು ಹಾಳಾಗುತ್ತದೆ. ಅಂಗಡಿಯ ಮುಂದಿನ ಗಾಜಿನಲ್ಲಿ ಬಿಸಿಲಿಗೆ ಬಣ್ಣ ಮಾಸಿದ ಡಬ್ಬಿ ಕೊಟ್ಟರೆ ಒಳಗಿನದು ಕೊಡಿ ಅನ್ನಿ. ನಾವು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತೇವೆ, ತಂಪೂ ಹೌದು, ಗುಟ್ಟೂ ಹೌದು.

ಎಕ್ಸ್‌ಪೈರಿ ತಾರೀಖು ಡಬ್ಬಿಯ ಮೇಲೂ, ಒಳಗಿನ ಒಂದೊಂದು ಪೊಟ್ಟಣದ ಮೇಲೂ ಇರುತ್ತದೆ. ತಯಾರಾಗಿ ಐದು ವರ್ಷಕ್ಕಿಂತ ಹೆಚ್ಚು ಯಾವುದೂ ಬಾಳುವುದಿಲ್ಲ. ಪೊಟ್ಟಣವನ್ನು ಬೆರಳಲ್ಲಿ ಒತ್ತಿದಾಗ ಒಳಗೆ ಗಾಳಿ ಇರುವುದು ಗೊತ್ತಾಗಬೇಕು. ಗಾಳಿ ಇಲ್ಲದಿದ್ದರೆ ಎಲ್ಲೋ ತೂತಾಗಿದೆ ಅಂತ ಅರ್ಥ. ಹಲ್ಲಿನಿಂದ ಕಚ್ಚಿ ಹರಿಯಬೇಡಿ.

ಬಗೆಗಳ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು. ಚುಕ್ಕಿ ಚುಕ್ಕಿ ಇರುವ ಡಾಟೆಡ್ "ಹೆಂಗಸರಿಗೆ ಖುಷಿ" ಅಂತ ಡಬ್ಬಿ ಹೇಳುತ್ತದೆ. ಹೆಂಗಸನ್ನು ಕೇಳಿ ಬರೆದ ಹಾಗಿಲ್ಲ. ಹಾಲೂಡಿಸುವ ತಾಯಂದಿರಿಗೆ ಮೈಯ ಬದಲಾವಣೆಯಿಂದ ಯೋನಿ ಒಣಗಿದ ಹಾಗಿರುವುದು ತೀರಾ ಸಾಮಾನ್ಯ. ಪ್ರೀತಿ ಕಡಿಮೆಯಾಗಿದೆ ಅಂತ ಅಲ್ಲ, ಮೈ ಹಾಗಿರುತ್ತದೆ. ಅಂಥ ಹೊತ್ತಿನಲ್ಲಿ ಆ ಚುಕ್ಕಿಗಳು ಉರಿ ತರಿಸುತ್ತವೆ. ನಮಗೆ ಸರಿಹೋದದ್ದು ಸಾದಾ, ಚೆನ್ನಾಗಿ ಜಾರುವ ದ್ರವ ಸವರಿದ ಬಗೆ. ಅದೂ ಸಾಲದಿದ್ದರೆ ನೀರಿನಿಂದ ಮಾಡಿದ ಜೆಲ್ಲಿ ಮೆಡಿಕಲ್ಲಿನಲ್ಲಿ ಸಿಗುತ್ತದೆ, ಎಣ್ಣೆಯ ಬದಲು ಅದು. ಬೇರೆಯವರಿಗೆ ಡಾಟೆಡ್ಡೇ ಇಷ್ಟವಾಗಬಹುದು. ಆದರೆ ಅದನ್ನು ಹೇಳಬೇಕಾದವಳು ಅವಳು.

ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುವ ಚಿಕ್ಕಪ್ಪನ ಮಗ ಒಬ್ಬನಿದ್ದಾನೆ, ಮದುವೆ ನಿಶ್ಚಯವಾಗಿದೆ. ಅವನ ಪ್ರಕಾರ ಎಕ್ಸ್‌ಟ್ರಾ ಟೈಮಿನದ್ದೇ ಶ್ರೇಷ್ಠ. ಅದರ ಒಳಗೆ ಸವರಿರುವುದು ಬೆಂಜೊಕೇನ್ ಅನ್ನುವ ಮರಗಟ್ಟಿಸುವ ಔಷಧಿ. ಕೆಲವರಿಗೆ ಅದು ಅನುಕೂಲ. ಆದರೆ ಉಲ್ಟಾ ಹಾಕಿ ತಿರುಗಿಸಿದರೆ ಹೆಂಡತಿಗೂ ಮರಗಟ್ಟುತ್ತದೆ, ಕೆಲವರಿಗೆ ತುರಿಕೆ ಬರುತ್ತದೆ. ಮೊದಲ ಸಲಕ್ಕೆ ಅದು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಹಣ್ಣಿನ ವಾಸನೆಯವು ಇರುವುದು ಬಾಯಿಯ ಬಳಕೆಗೆ, ಒಳಗೆ ಬಳಸಿ ಉರಿ ಬಂದರೆ ಸಾದಾ ಬಗೆಗೆ ಬದಲಿಸಿ. ಯಾವ ಬಗೆಗೂ ತುರಿಕೆ, ಊತ ಬರುತ್ತಿದ್ದರೆ ರಬ್ಬರೇ ಆಗಿಬರುವುದಿಲ್ಲ ಅಂತ ಇರಬಹುದು. ರಬ್ಬರ್ ಅಲ್ಲದ ಕಾಂಡೋಮ್‌ಗಳೂ ಇವೆ, ಬೆಲೆ ಜಾಸ್ತಿ, ದೊಡ್ಡ ಊರಲ್ಲಿ ಮಾತ್ರ ಸಿಗುತ್ತವೆ. ಒಂದರ ಮೇಲೊಂದು ಎರಡು ಹಾಕುವುದು ಮಾತ್ರ ಬೇಡವೇ ಬೇಡ, ತಿಕ್ಕಾಟಕ್ಕೆ ಎರಡೂ ಹರಿಯುತ್ತವೆ.

ಹಾಕುವ ಕ್ರಮ ಗೊತ್ತಿದ್ದವರು ಮುಂದೆ ಹೋಗಿ. ಗೊತ್ತಿಲ್ಲದವರಿಗೆ: ತುದಿಯನ್ನು ಎರಡು ಬೆರಳಲ್ಲಿ ಹಿಂಡಿ ಗಾಳಿ ತೆಗೆದು, ಸುರುಳಿ ಹೊರಮುಖವಾಗಿ ಇರುವ ಹಾಗೆ ಬುಡದವರೆಗೆ ಬಿಚ್ಚಬೇಕು. ಸುರುಳಿ ಬಿಚ್ಚದಿದ್ದರೆ ಉಲ್ಟಾ ಆಗಿದೆ ಅಂತ, ಅದನ್ನು ಎಸೆದು ಇನ್ನೊಂದು ತೆಗೆಯಿರಿ. ತಿರುಗಿಸಿ ಹಾಕಬಾರದು, ಅಷ್ಟರಲ್ಲಿ ವೀರ್ಯ ತಾಗಿರಬಹುದು. ಕೆಲಸ ಮುಗಿದ ತಕ್ಷಣ, ಮೆತ್ತಗಾಗುವ ಮೊದಲೇ, ಬುಡ ಹಿಡಿದುಕೊಂಡು ಹೊರಗೆ ತೆಗೆಯಬೇಕು. ಪ್ರತಿ ಸಲವೂ, ಮೊದಲಿಂದಲೂ, ಸರಿಯಾಗಿ ಬಳಸಿದ ನೂರು ದಂಪತಿಗಳಲ್ಲಿ ಒಂದು ವರ್ಷಕ್ಕೆ ಸುಮಾರು ಇಬ್ಬರು ಹೆಂಗಸರು ಬಸಿರಾಗಬಹುದು. ಜನ ನಿಜಕ್ಕೂ ಬಳಸುವ ರೀತಿಯಲ್ಲಿ, ಅಂದರೆ 'ಇವತ್ತೊಂದಿನ ಬೇಡ ಬಿಡು' ಅನ್ನುವುದೂ ಸೇರಿ, ಅದು ಸುಮಾರು 13 ಆಗುತ್ತದೆ.

ಬಳಸಿದ್ದನ್ನು ಗಂಟು ಹಾಕಿ, ಪೇಪರಿನಲ್ಲಿ ಸುತ್ತಿ, ಪಂಚಾಯಿತಿ ಕಸದ ಗಾಡಿಗೆ ಕೊಡಿ. ಶೌಚಾಲಯದ ಗುಂಡಿಗೆ ಹಾಕಿದರೆ ಪೈಪು ಕಟ್ಟುತ್ತದೆ. ಹಿತ್ತಲಿಗೆ ಎಸೆದರೆ ನಾಯಿ ಬೀದಿಗೆ ತರುತ್ತದೆ, ಆಮೇಲೆ ಇಡೀ ಬೀದಿಗೆ ಲೆಕ್ಕ ಸಿಗುತ್ತದೆ.

ಇದೆಲ್ಲ ಓದಿದ ಮೇಲೆ ಕಾಡಿದ ಪ್ರಶ್ನೆ, ಅಂಗಡಿಗೇ ಹೋಗಬೇಕಾ ಅನ್ನುವುದು. ಉತ್ತರ ನಮ್ಮ ಬೀದಿಯಲ್ಲೇ ಇತ್ತು. 2011ರಿಂದ ಆಶಾ ಕಾರ್ಯಕರ್ತೆಯರು ಕಾಂಡೋಮನ್ನು ಮನೆಗೇ ತಂದುಕೊಡುವ ಯೋಜನೆ ಇದೆ. ಆ ಯೋಜನೆಯಲ್ಲಿ ಮೂರರ ಪ್ಯಾಕೆಟ್ಟಿಗೆ ಒಂದು ರೂಪಾಯಿ. ನಮ್ಮ ಆಶಾ ಅಕ್ಕನನ್ನು ಕೇಳಿದಾಗ ಅವರು ನಕ್ಕು, "ಹೆಂಗಸ್ರು ಕೇಳ್ತಾರೆ, ಕೊಡ್ತೀನಿ. ಗಂಡಸ್ರು ನನ್ನ ಕಂಡ್ರೆ ರಸ್ತೆ ಬದಲಾಯಿಸ್ತಾರೆ ಕಣಮ್ಮ. ಹೆಂಡ್ತಿ ತಗೊಂಡೋಗಿ ಕೊಟ್ರೆ, ನಿಂಗ್ಯಾರು ಹೇಳಿದ್ದು ಇದೆಲ್ಲ ಅಂತ ಬೈತಾರಂತೆ" ಅಂದರು. ಆ ಒಂದು ರೂಪಾಯಿಯ ಪ್ಯಾಕೆಟ್ಟಿನ ಮೇಲೆ ಹುಡುಗಿಯ ಚಿತ್ರ ಇರುವುದಿಲ್ಲ, ಸ್ಟ್ರಾಬೆರಿ ವಾಸನೆ ಇರುವುದಿಲ್ಲ. ಗುಣಮಟ್ಟದ ಪರೀಕ್ಷೆ ಮಾತ್ರ ಅದಕ್ಕೂ ಇದೆ. ಆಗಾಗ ಸ್ಟಾಕ್ ಇರುವುದಿಲ್ಲ, ಅದು ನಿಜ. ಅಂಗಡಿಯದಾದರೂ ಜಿಎಸ್‌ಟಿ ಇಲ್ಲ.

ನಮ್ಮ ಅಜ್ಜಿ ತಾತನ ಕಾಲದವರಿಗೆ ಇದು ಹೊಸ ಮಾತೇನಲ್ಲ. 'ನಿರೋಧ್' ಬಂದದ್ದು 1968ರಲ್ಲಿ, ಹದಿನೈದು ಪೈಸೆಗೆ ಮೂರು. ಟೀ ಪುಡಿ, ಸೋಪು ಮಾರುವ ಕಂಪನಿಗಳ ಮೂಲಕವೇ ಹಳ್ಳಿ ಅಂಗಡಿಗೆ ಬರುತ್ತಿತ್ತು, ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದಿರುತ್ತಿದ್ದರು. ಹುಡುಗರು ಅದನ್ನು ಬಲೂನು ಮಾಡಿ ಊದುತ್ತಿದ್ದ ಕಥೆ ಯಾವ ಊರಲ್ಲಿ ಕೇಳಿದರೂ ಸಿಗುತ್ತದೆ. ಸರ್ಕಾರಿ ಕಂಪನಿಯಾದ ಹಿಂದೂಸ್ತಾನ್ ಲೇಟೆಕ್ಸ್ 1985ರಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಕಾರ್ಖಾನೆ ತೆರೆಯಿತು. ಅದಕ್ಕೂ ಬಹಳ ಹಿಂದೆ, 1930ರಲ್ಲೇ, ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಇಷ್ಟೆಲ್ಲ ಆಗಿಯೂ ನಾವು ಅಂಗಡಿ ಮುಂದೆ ನಿಂತು ಓಆರ್‌ಎಸ್ ಕೇಳುತ್ತಿದ್ದೇವೆ.

ಹರಿದರೆ, ಜಾರಿದರೆ ಏನು ಮಾಡುವುದು ಅನ್ನುವುದನ್ನು ಮೊದಲೇ ತಿಳಿದಿರಬೇಕು. ತುರ್ತು ಮಾತ್ರೆ 72 ಗಂಟೆಯ ಒಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಶಾ ಅಕ್ಕನ ಬಳಿ, ಆರೋಗ್ಯ ಕೇಂದ್ರದಲ್ಲಿ, ಮೆಡಿಕಲ್ಲಿನಲ್ಲಿ ಸಿಗುತ್ತದೆ. ಅದು ತುರ್ತಿಗೆ ಮಾತ್ರ, ತಿಂಗಳು ತಿಂಗಳು ನುಂಗುವುದಕ್ಕಲ್ಲ. ಎಚ್‌ಐವಿ ಭಯ ಇದ್ದರೆ ಅದನ್ನು ತಡೆಯುವ ಔಷಧಿಯನ್ನೂ 72 ಗಂಟೆಯ ಒಳಗೇ ಶುರು ಮಾಡಬೇಕು, ನೇರ ಜಿಲ್ಲಾಸ್ಪತ್ರೆಗೆ ಹೋಗಿ. 1097ಕ್ಕೆ ಫೋನ್ ಮಾಡಿದರೆ ಪುಕ್ಕಟೆಯಾಗಿ ಮಾತಾಡುತ್ತಾರೆ. ಮಗು ಆಗದಂತೆ ತಡೆಯುವ ವಿಧಾನಗಳು ಹಲವು ಇದ್ದರೂ, ಲೈಂಗಿಕ ರೋಗಗಳನ್ನೂ ಜೊತೆಗೇ ತಡೆಯುವುದು ಕಾಂಡೋಮ್ ಒಂದೇ. ತಿಂಗಳುಗಟ್ಟಲೆ ಹೊರಗೆ ದುಡಿದು ಬರುವ ಲಾರಿ ಡ್ರೈವರ್, ಗಾರೆ ಕೆಲಸದ ಅಣ್ಣಂದಿರು ಇದನ್ನು ಕೇಳಿಸಿಕೊಳ್ಳಲಿ, ಅವರ ಮನೆಯ ಹೆಂಗಸರೂ ಕೇಳಿಸಿಕೊಳ್ಳಲಿ.

ಇದನ್ನು ಬರೆದು ಮುಗಿಸಿದ ಮೇಲೆ ಚಿಕ್ಕಪ್ಪನ ಮಗನಿಗೆ ಓದಲು ಕಳಿಸಿದೆವು. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ನಾಲ್ಕನೇ ದಿನ ರಾತ್ರಿ ಹನ್ನೊಂದಕ್ಕೆ ಒಂದು ಮೆಸೇಜು: "ಅಣ್ಣಾ, ಆ 49ರದ್ದು ಶಿರಾದಲ್ಲಿ ಸಿಗುತ್ತಾ? ಅತ್ತಿಗೆಗೆ ಹೇಳ್ಬೇಡ." ಅತ್ತಿಗೆ ಪಕ್ಕದಲ್ಲೇ ಕೂತು ಓದುತ್ತಿದ್ದಳು. ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಅವಳೇ ಟೈಪ್ ಮಾಡಿ ಕಳಿಸಿದಳು.